ಖಜಾನೆಯ ಕಥೆ ಎಲ್ಲಿ?

ಮಾನ್ಯರೆ,

ಒಂದನೇ ಚಾರ್ಲ್ಸ್ ಮತ್ತು ಇಂಗ್ಲೆಂಡಿನ ಪಾರ್ಲಿಮೆಂಟಿನ ಜಗಳದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಭಾಷೆ ಸೊಗಸಾಗಿದೆ, ತೊಡಕಿರುವುದು ಕಾರಣಗಳಲ್ಲಿ. ರಾಜ ದುಷ್ಟ, ಪಾರ್ಲಿಮೆಂಟು ಸ್ವಾತಂತ್ರ್ಯಪ್ರಿಯ, ಹಾಗಾಗಿ ಯುದ್ಧ ಎಂದು ಮುಗಿಸಿಬಿಟ್ಟಿದ್ದೀರಿ. 1629ರಿಂದ 11 ವರ್ಷ ಸಭೆಯನ್ನೇ ಕರೆಯದೆ ಆಳಿದವನು 1640ರಲ್ಲಿ ಯಾಕೆ ಕರೆದ? ನಿಮ್ಮಲ್ಲಿ ಇದಕ್ಕೆ ಉತ್ತರವಿಲ್ಲ. ಅದನ್ನು ಖಜಾನೆಯಲ್ಲಿ ಹುಡುಕಬೇಕು.

1625ರಿಂದ ಶುರುಮಾಡಿ. ಹಿಂದಿನ ದೊರೆಗಳಿಗೆ ಜೀವನಪರ್ಯಂತ ಸಿಗುತ್ತಿದ್ದ ಆಮದು-ರಫ್ತು ಸುಂಕವನ್ನು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಚಾರ್ಲ್ಸ್‌ಗೆ ಒಂದೇ ವರ್ಷಕ್ಕೆ ಕೊಡಲು ಹೊರಟಿತು. ಆ ಮಸೂದೆಯೂ ಕಾಯ್ದೆಯಾಗಲಿಲ್ಲ, ಅವನು ವಸೂಲಿ ನಿಲ್ಲಿಸಲೂ ಇಲ್ಲ.

‘ಹಡಗಿನ ಹಣ’ವನ್ನು ಹೊಸ ತೆರಿಗೆ ಎಂದು ಒಂದೇ ಸಾಲಿನಲ್ಲಿ ತೇಲಿಸಿದ್ದೀರಿ. ಹೊಸದಲ್ಲ, ಅದರ ಜಾಣತನವೇ ಅಲ್ಲಿದೆ. ಅಪಾಯದ ಹೊತ್ತಿನಲ್ಲಿ ಕರಾವಳಿಯ ಊರುಗಳು ಹಡಗು ಒದಗಿಸಬೇಕೆಂಬುದು ಹಳೆಯ ವಾಡಿಕೆ. 1634ರಲ್ಲಿ ಕರಾವಳಿಗೆ ಹೊರಡಿಸಿದ ಆಜ್ಞೆಯನ್ನು 1635ರಲ್ಲಿ ಒಳನಾಡಿಗೂ ಹಬ್ಬಿಸಿದರು. ಸಮುದ್ರವೇ ಇಲ್ಲದ ಬಕಿಂಗ್‌ಹ್ಯಾಮ್‌ಶೈರ್‌ನ ಪಾಲಿಗೆ 4,500 ಪೌಂಡು ಬಂತು. ಅದನ್ನು ಊರೂರಿಗೆ ಹಂಚಿ ಎತ್ತುವ ಹೊಣೆ ಕೌಂಟಿಯ (ಜಿಲ್ಲೆಯ) ಅಧಿಕಾರಿಯಾದ ಶೆರಿಫ್‌ನದು. ನೆರೆಹೊರೆಯವರ ನಿಷ್ಠುರವೂ ಅವನಿಗೇ. (ಆ ಹಣ ನಿಜಕ್ಕೂ ನೌಕಾಪಡೆಗೇ ಹೋಯಿತು. ‘ಅರಮನೆಯ ವೈಭೋಗಕ್ಕೆ’ ಎಂದು ನೀವು ಬರೆದದ್ದನ್ನು ಹೊಡೆದುಹಾಕಿ.) ಈ ಹಣ ಕೊಡಲೊಪ್ಪದ ಜಮೀನುದಾರ ಜಾನ್ ಹ್ಯಾಂಪ್ಡನ್‌ನ ಮೊಕದ್ದಮೆ ನಡೆದದ್ದು ಬರೀ 20 ಷಿಲಿಂಗ್ ಬಾಕಿಯ ಮೇಲೆ. ಅವನು ಗೆದ್ದನೆಂದು ಬರೆದಿದ್ದೀರಿ. 1638ರಲ್ಲಿ 12 ನ್ಯಾಯಾಧೀಶರಲ್ಲಿ 7 ಮಂದಿ ರಾಜನ ಪರ ನಿಂತರು. ಆದರೆ ಐವರು ಒಪ್ಪಲಿಲ್ಲವೆಂಬ ಸುದ್ದಿಯೇ ಸಾಕಾಯಿತು, 1639ರ ಆಜ್ಞೆಯ ಹಣ ಬಹುಪಾಲು ಕೈಸೇರಲಿಲ್ಲ.

ಅದೇ ಹೊತ್ತಿಗೆ ಸ್ಕಾಟ್ಲೆಂಡ್. 1637ರಲ್ಲಿ ಅಲ್ಲಿ ಹೇರಿದ ಪ್ರಾರ್ಥನಾ ಪುಸ್ತಕ ದಂಗೆಗೆ ದಾರಿಯಾಯಿತು. ಯುದ್ಧಕ್ಕೆ ದುಡ್ಡು ಬೇಕಾಗಿ 1640ರ ಏಪ್ರಿಲ್‌ನಲ್ಲಿ ಸಭೆ ಕರೆದ, ಮೂರು ವಾರಕ್ಕೇ ವಿಸರ್ಜಿಸಿದ. ಆಗಸ್ಟ್‌ನಲ್ಲಿ ಸ್ಕಾಟರು ನ್ಯೂಕ್ಯಾಸಲ್ ಹಿಡಿದರು. ರಿಪನ್ ಒಪ್ಪಂದದ ಪ್ರಕಾರ ಅವರ ಸೈನ್ಯಕ್ಕೆ ದಿನಕ್ಕೆ 850 ಪೌಂಡು ತೆರಬೇಕಿತ್ತು. ಹೀಗಾಗಿ ನವೆಂಬರ್ 3ರಂದು ಸೇರಿದ ಪಾರ್ಲಿಮೆಂಟನ್ನು ಮನೆಗೆ ಕಳಿಸುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಲೇಖನದ ನಡುಮನೆ ಇದು; ಎರಡು ಪುಟ ಕೊಡಿ.

ಆಮೇಲೆ ಹಣವನ್ನು ಬದಿಗಿಡಿ. 1641ರ ಬೇಸಿಗೆಯಲ್ಲೇ ಹಡಗಿನ ಹಣ ರದ್ದಾಗಿತ್ತು. ಅಕ್ಟೋಬರ್‌ನಲ್ಲಿ ಐರ್ಲೆಂಡ್ ಬಂಡೆದ್ದಾಗ ಹುಟ್ಟಿದ ಪ್ರಶ್ನೆಯೇ ಬೇರೆ: ಅದನ್ನು ಅಡಗಿಸುವ ಸೈನ್ಯ ಯಾರ ಹಿಡಿತದಲ್ಲಿರಬೇಕು? ರಾಜನ ಆಳ್ವಿಕೆಯ ತಪ್ಪುಗಳನ್ನು ಕಾಮನ್ಸ್ ಸಭೆ ಪಟ್ಟಿಮಾಡಿದ ನವೆಂಬರ್‌ನ ಮಹಾ ದೂರುಪಟ್ಟಿ 159-148 ಮತಗಳಿಂದಷ್ಟೇ ಪಾಸಾಯಿತು. ನಿಮ್ಮ ‘ಒಗ್ಗಟ್ಟಿನ ಪಾರ್ಲಿಮೆಂಟು’ ಅಲ್ಲಿಗೇ ಒಡೆದಿತ್ತು.

ಇನ್ನು ಚಿಲ್ಲರೆ ತಿದ್ದುಪಡಿ. 1642ರ ಜನವರಿ 4ರಂದು ಐವರು ಸದಸ್ಯರನ್ನು ಹಿಡಿಯಲು ಬಂದ ರಾಜನಿಗೆ ಉತ್ತರ ಕೊಟ್ಟದ್ದು ಸ್ಪೀಕರ್ ಲೆಂಥಾಲ್, ಕ್ರಾಮ್‌ವೆಲ್ ಅಲ್ಲ. ಆ ಐವರಲ್ಲೂ ಅವನಿಲ್ಲ. ರಾಜನ ಶಿರಚ್ಛೇದದ ವರ್ಷ ನಿಮ್ಮಲ್ಲಿ ಒಂದೆಡೆ 1648, ಇನ್ನೊಂದೆಡೆ 1649. ಆಗ ಅಲ್ಲಿ ಹೊಸ ವರ್ಷ ಹಿಡಿಯುತ್ತಿದ್ದದ್ದು ಮಾರ್ಚ್ 25ಕ್ಕೆ, ಗೊಂದಲ ಅದರಿಂದ. ಎಲ್ಲ ಕಡೆ 1649ರ ಜನವರಿ 30 ಎಂದೇ ಇಡಿ. ‘ಜನರ ಪ್ರತಿನಿಧಿಗಳು’ ಎನ್ನುವಲ್ಲಿ, ಕೌಂಟಿಗಳಲ್ಲಿ ವರ್ಷಕ್ಕೆ 40 ಷಿಲಿಂಗ್ ಹುಟ್ಟುವ ಸ್ವಂತ ಜಮೀನಿದ್ದ ಗಂಡಸರಿಗಷ್ಟೇ ಮತವಿತ್ತೆಂದು ಸೇರಿಸಿ. ‘ಪಾರ್ಲಿಮೆಂಟೇ ರಾಜನನ್ನು ಕೊಂದಿತು’ ಎಂಬ ವಾಕ್ಯವೂ ನಿಲ್ಲದು: 1648ರ ಡಿಸೆಂಬರ್ 5ರಂದು ಸಭೆ ರಾಜನೊಂದಿಗೆ ಮಾತುಕತೆ ಮುಂದುವರಿಸಲು ಮತ ಹಾಕಿತ್ತು, ಮರುದಿನ ಪಾರ್ಲಿಮೆಂಟಿನದೇ ಸೈನ್ಯದ ಕರ್ನಲ್ ಪ್ರೈಡ್‌ನ ಸೈನಿಕರು ಬಾಗಿಲಲ್ಲಿ ನಿಂತು ಮಾತುಕತೆ ಬಯಸಿದ ಸದಸ್ಯರನ್ನು ತಡೆದರು.