ಹತ್ತಿರದ ಡೇಟಾ ಸೆಂಟರ್ ನಿಜಕ್ಕೂ ಹತ್ತಿರವೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಎರಕದ ಭಾಗಗಳಲ್ಲಿ ಬಿರುಕು ಹುಡುಕಲು 20 ಕ್ಯಾಮೆರಾ ಹಾಕಿಸಬೇಕು ಅಂತಿದ್ದೇವೆ. ಒಬ್ಬರು ಎಲ್ಲಾ ವಿಡಿಯೋ ಮುಂಬೈನ ಕ್ಲೌಡ್‌ಗೆ ಕಳಿಸಿ ಅಂತಾರೆ. ಇನ್ನೊಬ್ಬರು ಎಡ್ಜ್ ಕಂಪ್ಯೂಟಿಂಗ್ ಮಾಡಿ, ಹತ್ತಿರದಲ್ಲೇ ಕೋಲೊಕೇಶನ್ ಡೇಟಾ ಸೆಂಟರ್ ನೋಡಿ ಸರ್ವರ್ ಇಡುವ ಕಪಾಟು, ಅಂದರೆ ರ‍್ಯಾಕ್ ಬಾಡಿಗೆಗೆ ಹಿಡಿಯಿರಿ ಅಂತಾರೆ. ಯಾರ ಮಾತು ಕೇಳೋಣ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಮೊದಲು ಲೆಕ್ಕ ಹಾಕಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತೆ ಅಂದುಕೊಂಡರೂ ದಿನವಿಡೀ ಓಡಿದರೆ 43 ಜಿಬಿ ಆಯ್ತು, 20 ಕ್ಯಾಮೆರಾ ಸೇರಿದರೆ 860 ಜಿಬಿ ದಾಟುತ್ತೆ. ಅದರಲ್ಲಿ ನಿಮಗೆ ಬೇಕಿರೋದು ಬಿರುಕು ಕಂಡ ಒಂದಷ್ಟು ಚಿತ್ರ ಮಾತ್ರ. ಇಷ್ಟನ್ನೂ ಮುಂಬೈಗೆ ಕಳಿಸೋದು ಸುಮ್ನೆ ದಂಡ. ಬಿರುಕು ಗುರುತಿಸುವ ಕೆಲಸ ಕಾರ್ಖಾನೆಯೊಳಗೇ ಆಗಲಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಇಡಿ, ದೂಳು ಮತ್ತು ಕಾವು ತಾಗದ ಜಾಗದಲ್ಲಿ. ಎಡ್ಜ್ ಅಂದ್ರೆ ಇದೇ. ಇಂಟರ್ನೆಟ್ ಹೋದರೂ ತಪಾಸಣೆ ನಿಲ್ಲಬಾರದು, ಅಲ್ವಾ?

ಹಾಗಾದ್ರೆ ಕೋಲೊಕೇಶನ್ ಯಾಕೆ? ಅಲ್ಲಿ ಸರ್ವರ್ ನಿಮ್ಮದು. ಜಾಗ, ಕರೆಂಟು, ಯುಪಿಎಸ್, ಜನರೇಟರ್, ಎಸಿ, ಕಾವಲು ಅವರದು. ಹಳೆಯ ಚಿತ್ರಗಳ ಸಂಗ್ರಹ, ಬ್ಯಾಕಪ್, ಎರಡು ಮೂರು ಘಟಕ ಒಟ್ಟಿಗೆ ಬಳಸುವ ಸಾಫ್ಟ್‌ವೇರ್ ಇವಕ್ಕೆಲ್ಲ ಚೆನ್ನಾಗಿ ಒಗ್ಗುತ್ತೆ. ಒಂದೇ ಘಟಕ ಇದ್ದರೆ ಇಡೀ ರ‍್ಯಾಕ್ ಬೇಕಾಗೋದೂ ಇಲ್ಲ, ಕೆಲವರು ಕಾಲು ರ‍್ಯಾಕನ್ನೂ ಕೊಡ್ತಾರೆ, ಕೇಳಿ.

ಆದರೆ ಜಾಸ್ತಿ ಜನ ಎಡವೋದು 'ಹತ್ತಿರ' ಅನ್ನೋ ಮಾತಿನಲ್ಲಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. 500 ಕಿಲೋಮೀಟರ್ ಹೋಗಿಬರಲು 5 ಮಿಲಿಸೆಕೆಂಡ್ ಸಾಕು. ತಡ ಆಗೋದು ಸುತ್ತು ದಾರಿಯಿಂದ, ನಡುವಿನ ಉಪಕರಣಗಳಿಂದ. ನಿಮ್ಮ ಇಂಟರ್ನೆಟ್ ಕಂಪನಿ ಮತ್ತು ಡೇಟಾ ಸೆಂಟರಿನ ಇಂಟರ್ನೆಟ್ ಕಂಪನಿ ಊರಲ್ಲೇ ಒಂದಕ್ಕೊಂದು ಜೋಡಣೆ ಆಗಿಲ್ಲ ಅಂದ್ರೆ, ಪಕ್ಕದ ರಸ್ತೆಯ ಸರ್ವರ್‌ಗೆ ಹೋಗಬೇಕಾದ ಡೇಟಾ ಬೆಂಗಳೂರಿಗೋ ಮುಂಬೈಗೋ ಹೋಗಿ ವಾಪಸ್ ಬರುತ್ತೆ! ಸಣ್ಣ ಊರಿನ ಡೇಟಾ ಸೆಂಟರ್‌ಗೆ ಬೆಲೆ ಬರೋದು ಹಲವು ಕಂಪನಿಗಳ ಕೇಬಲ್ ಅಲ್ಲಿ ಬಂದು ಸೇರಿದಾಗ. ಕಟ್ಟಡ ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲಿನ ಮಾತು.

ಅದಕ್ಕೇ ಸಹಿ ಹಾಕುವ ಮೊದಲು ಅವರಿಂದ ಒಂದು ಪರೀಕ್ಷಾ ಐಪಿ ವಿಳಾಸ ಇಸ್ಕೊಳ್ಳಿ. ಕಾರ್ಖಾನೆಯ ಕಂಪ್ಯೂಟರ್‌ನಿಂದಲೇ ಅದಕ್ಕೆ ಟ್ರೇಸ್‌ರೂಟ್ ಓಡಿಸಿ, ಡೇಟಾ ಯಾವ ಯಾವ ರೂಟರ್ ದಾಟಿ ಹೋಗುತ್ತೆ ಅಂತ ತೋರಿಸುವ ಆಜ್ಞೆ ಅದು. ನಡುವೆ ಬೇರೆ ಊರಿನ ರೂಟರ್ ಕಂಡರೆ, ಕಾರ್ಖಾನೆಯಿಂದ ಅಲ್ಲಿಗೆ ನೇರ ಫೈಬರ್ ಎಳೆಸಲು ಎಷ್ಟಾಗುತ್ತೆ ಅಂತ ಕೇಳಿ, ಅದನ್ನೂ ಸೇರಿಸಿ ಬಾಡಿಗೆ ಮಾತಾಡಿ.