ಕೆಣಕುವ ಸಾಲು ಮೊದಲಿಗೇ ಬರಲಿ

ನಮಸ್ಕಾರ. ಅಡಿಕೆ ತೋಟದಲ್ಲಿ ಕಳೆ ಉಳಿಸಿಕೊಂಡ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ‘ಯಾರೂ ಕೊನೆಯವರೆಗೆ ಓದುತ್ತಿಲ್ಲ, ಸ್ವಲ್ಪ ಕೆಣಕುವ ಹಾಗೆ ಬರೆದರೆ ತಪ್ಪೇ?’ ಎಂದು ಕೇಳಿದ್ದೀರಿ. ಖಂಡಿತ ತಪ್ಪಲ್ಲ. ಕೆಣಕುವ ಮಾತು ನಿಮ್ಮ ಲೇಖನದಲ್ಲಿ ಈಗಾಗಲೇ ಇದೆ, ಆರನೆಯ ಪ್ಯಾರಾದಲ್ಲಿ ಹೂತುಹೋಗಿದೆ ಅಷ್ಟೇ.

ಈಗ ಲೇಖನ ಶುರುವಾಗುವುದು ‘ಕೃಷಿಯಲ್ಲಿ ಮಣ್ಣಿನ ಆರೋಗ್ಯಕ್ಕೆ ವಿಶೇಷ ಮಹತ್ವವಿದೆ’ ಎಂದು. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಹಾಗಾಗಿ ಮುಂದೆ ಓದಬೇಕು ಎಂದೂ ಯಾರಿಗೂ ಅನ್ನಿಸುವುದಿಲ್ಲ. ಆರನೆಯ ಪ್ಯಾರಾದಲ್ಲಿ ನೀವು ಬರೆದದ್ದು: ‘ತೋಟ ಚೊಕ್ಕಟವಾಗಿದ್ದ ವರ್ಷಗಳಲ್ಲೇ ನಮ್ಮ ಮೇಲ್ಮಣ್ಣು ಹೆಚ್ಚು ಕೊಚ್ಚಿ ಹೋಯಿತು.’ ಇದನ್ನೇ ಮೊದಲ ಸಾಲು ಮಾಡಿ. ಆಳು ಹಿಡಿದು ತೋಟದ ಕಳೆಯನ್ನೆಲ್ಲ ಕೆತ್ತಿಸಿ, ಬಂದವರು ‘ಎಷ್ಟು ಚೆಂದ ಇಟ್ಟಿದ್ದೀರಿ’ ಎಂದಾಗ ಹಿಗ್ಗುವವರು ನಮ್ಮಲ್ಲಿ ಬಹಳ ಮಂದಿ. ಆ ಸಾಲು ನೇರ ಅವರ ಹೆಮ್ಮೆಗೇ ತಾಗುತ್ತದೆ. ಸಿಟ್ಟು ಬಂದೀತು, ಆದರೂ ಓದುತ್ತಾರೆ.

ಅಲ್ಲಿಗೇ ಬಿಟ್ಟರೆ ಅದು ಬರೀ ಚುಚ್ಚುಮಾತು. ಮುಂದಿನ ಪ್ಯಾರಾದಲ್ಲೇ ತೋಟ ಕಾಣಿಸಬೇಕು: ಇಳಿಜಾರು ಎಷ್ಟು, ಮಳೆಗೆ ಬಸಿಗಾಲುವೆಯ ನೀರಿನ ಬಣ್ಣ ಹೇಗಿತ್ತು, ಬುಡದಲ್ಲಿ ಬೇರು ಎಷ್ಟು ತೆರೆದುಕೊಂಡಿತ್ತು, ಈಗ ಕಳೆಯನ್ನು ಎಷ್ಟು ಎತ್ತರಕ್ಕೆ ಸವರುತ್ತೀರಿ. ಅಡಿಕೆಯ ಬೇರುಗಳು ಹೆಚ್ಚಾಗಿ ಮೇಲ್ಪದರದಲ್ಲೇ ಹರಡಿರುವುದರಿಂದ ಕೆತ್ತಿದಾಗ ಅವಕ್ಕೂ ಏಟು ಬೀಳುತ್ತದೆ ಎಂಬುದನ್ನು ಇಲ್ಲೇ ಹೇಳಿ. ಬಳಿಕ ಓದುಗರ ಬಾಯಲ್ಲಿರುವ ಪ್ರಶ್ನೆಯನ್ನು ನೀವೇ ಎತ್ತಿಕೊಳ್ಳಿ: ‘ಹಾವಿನ ಭಯ ಇಲ್ಲವೇ? ಉದುರಿದ ಅಡಿಕೆ ಹೆಕ್ಕುವುದು ಹೇಗೆ?’ ಇದಕ್ಕೆ ಉತ್ತರವಿಲ್ಲದ ಲೇಖನವನ್ನು ಯಾವ ಕೃಷಿಕರೂ ನಂಬುವುದಿಲ್ಲ.

ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೊಕಾ 1975ರ ತಮ್ಮ ಪುಸ್ತಕದಲ್ಲಿ ಉಳುಮೆ ಬೇಡ, ಗೊಬ್ಬರ ಬೇಡ, ಕಳೆ ಕೀಳುವುದು ಬೇಡ, ಔಷಧಿ ಬೇಡ ಎಂದರು. ಇದಕ್ಕಿಂತ ಕೆಣಕುವ ಮಾತು ಕೃಷಿಯಲ್ಲಿ ಇನ್ನಾವುದಿದೆ? ಆದರೆ ಅದೇ ಪುಸ್ತಕದಲ್ಲಿ ಬೀಜವನ್ನು ಜೇಡಿಮಣ್ಣಿನ ಉಂಡೆ ಕಟ್ಟುವುದು, ಒಕ್ಕಿದ ಹುಲ್ಲನ್ನು ಗದ್ದೆಗೇ ಹರಡುವುದು ಎಲ್ಲವೂ ವಿವರವಾಗಿದೆ. ಅಪ್ಪ ವಹಿಸಿಕೊಟ್ಟ ಕಿತ್ತಳೆ ಜಾತಿಯ ತೋಟವನ್ನು ಸವರದೆ ಸುಮ್ಮನೆ ಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು, ಕೀಟ ಬಿದ್ದು, ಮರಗಳು ಒಣಗಿದ್ದನ್ನೂ ಅವರು ಮುಚ್ಚಿಡಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಪುಟಗಳಿಂದ.

ಒಂದು ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ವಿರೋಧ. ‘ಬೋರ್ಡೋ ಹೊಡೆಯುವುದು ದಂಡ’ ಎಂಬ ನಿಮ್ಮ ಉಪಶೀರ್ಷಿಕೆ ತೆಗೆಯಿರಿ. ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಕೊಳೆಸಿ ಉದುರಿಸುವ ಕೊಳೆರೋಗ ತಡೆಯಲು ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣವೇ ಬೋರ್ಡೋ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ಶೇಕಡ 1ರ ಬೋರ್ಡೋ ದ್ರಾವಣವನ್ನು ನಂಬಿ ನಮ್ಮವರು ಇಂದಿಗೂ ಫಸಲು ಉಳಿಸಿಕೊಳ್ಳುತ್ತಿದ್ದಾರೆ. ನಿಮ್ಮ ತೋಟದಲ್ಲಿ ಒಂದು ವರ್ಷ ಹೊಡೆಯದೆಯೂ ರೋಗ ಬರಲಿಲ್ಲ ಎಂಬುದು ಅಷ್ಟು ದೊಡ್ಡ ಮಾತಿಗೆ ಸಾಲದು. ಯಾರೋ ಒಬ್ಬರು ನಂಬಿ ಸಿಂಪಡಣೆ ಬಿಟ್ಟರೆ, ಜಡಿಮಳೆಯಲ್ಲಿ ಎಳೆಗಾಯಿ ಉದುರುವುದು ಅವರ ತೋಟದಲ್ಲಿ.

ತಿದ್ದಿದ ಮೇಲೆ, ಈಗಲೂ ಪ್ರತಿ ವರ್ಷ ತೋಟ ಕೆತ್ತಿಸುವ ನೆರೆಯವರೊಬ್ಬರಿಗೆ ಮೊದಲು ಓದಿ ಹೇಳಿ. ಅವರು ವಾದಕ್ಕೆ ಇಳಿದ ಜಾಗವನ್ನು ಗುರುತು ಹಾಕಿಕೊಂಡು ಅಲ್ಲಿ ಇನ್ನೂ ನಾಲ್ಕು ಸಾಲು ವಿವರ ಸೇರಿಸಿ. ಹೊಸ ಮೊದಲೆರಡು ಪ್ಯಾರಾಗಳನ್ನು, ಬಸಿಗಾಲುವೆಯ ಫೋಟೋ ಇದ್ದರೆ ಅದನ್ನೂ, ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.