ಋತುಬಂಧದ ಹೊಸ್ತಿಲಲ್ಲಿ ಹಳೆಯ ಆತಂಕ

ಮನೋಚಿಕಿತ್ಸೆಗೆಂದು ನನ್ನ ಬಳಿ ಬಂದ ಈ ಮಹಿಳೆಗೆ 47 ವರ್ಷ. ಉಳಿದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನಡುರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೃದಯಾಘಾತವೇ ಆಯಿತೆಂದು ಎದ್ದು ಕುಳಿತು, ಗಂಡನನ್ನು ಎಬ್ಬಿಸಿ ನಾಡಿ ನೋಡಿಸುತ್ತಾರೆ. ಮೆಟ್ಟಿಲು ಹತ್ತುವುದನ್ನೂ ಒಬ್ಬರೇ ಹೊರಗೆ ಹೋಗುವುದನ್ನೂ ಬಿಟ್ಟಿದ್ದರು. ಮುಟ್ಟು ಏರುಪೇರಾಗಿತ್ತು.

ಮೊದಲು ವೈದ್ಯರ ಬಳಿಗೆ ಕಳುಹಿಸಿದೆ. ಎದೆಬಡಿತಕ್ಕೆ ಥೈರಾಯ್ಡ್, ರಕ್ತಹೀನತೆ, ಹೃದಯದ ತೊಂದರೆ ಯಾವುದೂ ಕಾರಣವಾಗಿರಬಹುದು. ಹೆಂಗಸರು ಹೇಳಿಕೊಂಡದ್ದನ್ನೆಲ್ಲ ‘ಬರೀ ಟೆನ್ಷನ್’ ಎಂದು ತಳ್ಳಿಹಾಕುವ ಚಾಳಿ ನನಗೆ ಹಿಡಿಸದು. ವರದಿಗಳಲ್ಲಿ ದೋಷವಿರಲಿಲ್ಲ, ಋತುಬಂಧಕ್ಕೆ ಮುಂಚಿನ ಹಾರ್ಮೋನುಗಳ ಏರಿಳಿತ ಎಂದರು ಸ್ತ್ರೀರೋಗ ತಜ್ಞರು.

ಆತಂಕ ಮಾತ್ರ ಹೊಸದಲ್ಲ. ಹದಿಹರೆಯದಲ್ಲಿ, ಓದಿದ್ದೆಲ್ಲ ಪರೀಕ್ಷೆಯಲ್ಲಿ ಮರೆತುಹೋಗುವ ಭಯ. ಹೆರಿಗೆಯ ನಂತರ, ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿಯೆಲ್ಲ ಮೂಗಿನ ಬಳಿ ಬೆರಳಿಟ್ಟು ನೋಡುವುದು. ಜೊತೆಗೆ, ಮಗುವನ್ನು ತಾನೇ ಕೆಳಗೆ ಎತ್ತಿಹಾಕಿಬಿಟ್ಟರೆ ಎಂಬ ಯೋಚನೆ. “ಇದನ್ನು ಯಾರಿಗೂ ಹೇಳಿರಲಿಲ್ಲ ಮೇಡಂ” ಎಂದರು. ಇಂಥ ಬೇಡದ ಯೋಚನೆಗಳು ಹೊಸ ತಾಯಂದಿರಿಗೆ ಬರುವುದು ಸಾಮಾನ್ಯ. ಅವುಗಳಿಗೆ ನೀವು ಅಷ್ಟು ಹೆದರಿದ್ದೇ ಹಾಗೆ ಮಾಡುವ ಇಚ್ಛೆ ನಿಮಗಿರಲಿಲ್ಲ ಎಂಬುದನ್ನು ತೋರಿಸುತ್ತದೆ ಎಂದೆ. ಬಹಳ ಹೊತ್ತು ಅತ್ತರು. ಆ ದಿನ ಬೇರೇನೂ ಮಾಡಲಿಲ್ಲ.

ಭಯದ ವಸ್ತು ಪ್ರತಿ ಸಲ ಬೇರೆ; ಅವರು ಮಾಡುತ್ತಿದ್ದುದು ಒಂದೇ. ಪದೇ ಪದೇ ಪರೀಕ್ಷಿಸುವುದು, ಭರವಸೆ ಕೇಳುವುದು, ತಪ್ಪಿಸಿಕೊಳ್ಳುವುದು. ಪ್ರತಿ ಪರೀಕ್ಷೆಯೂ ಗಳಿಗೆಯ ಸಮಾಧಾನ ಕೊಟ್ಟು, ‘ನೋಡಿದ್ದರಿಂದಲೇ ಬಚಾವಾದೆ’ ಎಂಬ ನಂಬಿಕೆಯನ್ನು ಗಟ್ಟಿಮಾಡುತ್ತದೆ. ಯೋಚನೆ, ನಡವಳಿಕೆಗಳನ್ನು ಬದಲಿಸುತ್ತ ಆತಂಕ ತಗ್ಗಿಸುವ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಕೈಹಾಕುವುದು ಇಲ್ಲಿಗೇ.

ಎದೆ ಹೊಡೆದುಕೊಂಡಾಗ ಬಂದ ಯೋಚನೆಯನ್ನೂ ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂಬುದನ್ನೂ ಬರೆದಿಡಿ, ಅರ್ಧ ಗಂಟೆ ಬಿಟ್ಟು ನಿಜಕ್ಕೂ ಏನಾಯಿತೆಂದು ಪಕ್ಕದಲ್ಲೇ ಬರೆಯಿರಿ ಎಂದೆ. ವೈದ್ಯರ ಒಪ್ಪಿಗೆ ಪಡೆದು, ನನ್ನ ಕೊಠಡಿಯಲ್ಲೇ ಒಂದು ನಿಮಿಷ ನಿಂತಲ್ಲೇ ಓಡಿಸಿದೆ. ಎದೆಬಡಿತ ಏರಿತು, ತಾನಾಗಿ ಇಳಿಯಿತು. ಅವರು ನಕ್ಕರು: “ಇದೇ ತಾನೇ ರಾತ್ರಿ ಆಗುವುದು!” ಮೆಟ್ಟಿಲು ಹತ್ತುವುದು ಆಮೇಲೆ ಸುಲಭವಾಯಿತು. ಕಷ್ಟವಾದದ್ದು ನಾಡಿ ನೋಡುವುದನ್ನು ಬಿಡುವುದು. ಗಂಡನನ್ನೂ ಕರೆಸಿ, “ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಬೇಡಿ, ಬರೆದಿಟ್ಟೆಯಾ ಎಂದಷ್ಟೇ ಕೇಳಿ” ಎಂದೆ. ಅದು ಅವರಿಗೆ ಕಟುಕತನವೆನಿಸಿತು. ಹೆಂಡತಿಯೇ ಒಪ್ಪಿಸಿದರು.

ಬಿಸಿಯೇರುವುದು ನಿಂತಿಲ್ಲ. ಸಿಬಿಟಿಯಿಂದ ಹಾರ್ಮೋನು ಬದಲಾಗುವುದಿಲ್ಲ. ಆದರೆ ಬಿಸಿಯೇರುವುದರಿಂದ ಆಗುವ ಕಿರಿಕಿರಿ, ನಿದ್ರಾಭಂಗ ಕಡಿಮೆಯಾಗುತ್ತವೆ. ಹಾರ್ಮೋನು ಚಿಕಿತ್ಸೆ ಬೇಕೇ ಎಂಬುದನ್ನು ಸ್ತ್ರೀರೋಗ ತಜ್ಞರೊಂದಿಗೇ ಮಾತನಾಡಿ ಎಂದಿದ್ದೇನೆ. ಇನ್ನೊಂದನ್ನು ದಂಪತಿಗಳಿಬ್ಬರಿಗೂ ಒತ್ತಿ ಹೇಳಿದೆ: ಎದೆಯಲ್ಲಿ ಬಿಗಿತ ಅಥವಾ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಉಸಿರಿಗೆ ಕಷ್ಟ, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಬರೆಯುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.